ಉಳಿದದ್ದೇ ರಮ್ಮು

ಗುತ್ತಲು ರಸ್ತೆಯ ವೈನ್ ಸ್ಟೋರಿನ ಜಾಲರಿ ಮುಂದೆ
ಗಂಡಸರು ನನಗೆ ದಾರಿ ಬಿಡುತ್ತಾರೆ,
ಹೆರಿಗೆ ವಾರ್ಡಿಗೆ ಹೊರಟವಳಿಗೆ ಬಿಡುವ ಹಾಗೆ.
"ಯಾರ್ಗಮ್ಮ?" ಅನ್ನುತ್ತಾನೆ ಶಿವನಂಜ.
ಮೊದಲ ವರ್ಷ ಹೇಳುತ್ತಿದ್ದೆ: ಮಂಡಿಗೆ ತಿಕ್ಕೋಕೆ.
ಆಮೇಲೆ: ಬಾಣಂತಿಗೆ.
ಆ ಬಾಣಂತಿಯ ಮಗು ಈಗ ಮೂರನೇ ಕ್ಲಾಸು.
ಈಗ ಹೇಳುತ್ತೇನೆ: ನಂಗೇ ಕಣಪ್ಪ.
ಕೆಳಗಿನ ಸಾಲಿಂದು ಕೊಡು. ಅದಲ್ಲ, ಅದರ ಪಕ್ಕದ್ದು.

ಮೇಲಿನ ಸಾಲಲ್ಲಿ ಹಡಗಿನ ಚಿತ್ರ, ಗಡ್ಡದ ದೊರೆ,
ಯಾವುದೋ ದ್ವೀಪದ ಹೆಸರು, ನನ್ನ ಅರ್ಧ ಪಿಂಚಣಿ.
ಇರಲಿ. ಅಲ್ಲೂ ಬೆಳೆದದ್ದು ಕಬ್ಬೇ,
ಯಾರದೋ ಬೆನ್ನೇರಿ ಬಂದ ಹೊರೆಯೇ.
ನನ್ನ ಮೂಗಿಗೆ ಗೊತ್ತಿರುವುದು ಮಾತ್ರ ಒಂದೇ ಊರು.

ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ
ಗಾಜಿನ ಜಾಡಿಗೆ ಕಾಕಂಬಿ ಸುರಿದು
ಬ್ರಿಕ್ಸ್ ಬರೆದವಳು ನಾನು, ನಿಂಗಾಜಮ್ಮ.
ಸಕ್ಕರೆ ಬಿಳಿ ಚೀಲ ಹೊದ್ದು ಲಾರಿ ಹತ್ತಿದ ಮೇಲೆ
ಹಿಂದೆ ಉಳಿಯುವುದು ಇದು:
ಕಪ್ಪು, ಅಂಟು, ಮದುವೆಗೆ ಯಾರೂ ಕರೆಯದ ತಂಗಿ.
ಟ್ಯಾಂಕಿನ ಹತ್ತಿರ ಹೋದರೆ ಚಪ್ಪಲಿ ಹಿಡಿದು ನಿಲ್ಲಿಸುತ್ತಿತ್ತು,
"ಎಲ್ಲಿಗೋಯ್ತೀಯೆ, ಕೂತ್ಕೊ" ಅನ್ನುವ ಹಾಗೆ.

ಡಿಸ್ಟಿಲರಿಯ ಪುಟ್ಟಮಾದಯ್ಯನೋರು ಕಲಿಸಿದ್ದು:
ಬಣ್ಣ ನಂಬಬ್ಯಾಡ ಕಣವ್ವ,
ಸುಟ್ಟ ಸಕ್ಕರೆ ಬಿದ್ರೆ ನೆನ್ನೆ ಹುಟ್ಟಿದ್ದೂ ಮುತ್ತಾತನಂಗೆ ಕಾಣ್ತದೆ.
ಅಂಗೈಗೆ ಎರಡು ಹನಿ ಹಾಕಿ ಉಜ್ಜು.
ಓಡೋಗೋದು ಓಡೋಗ್ಲಿ, ಅದು ಬರೀ ಸ್ಪಿರಿಟ್ಟು.
ಆಮೇಲೆ ಮೂಸು. ಉಳಿದದ್ದೇ ರಮ್ಮು.

ಹಾಗೆ ಎಷ್ಟು ಮೂಸಿದೆನೋ.
ಒಂದರಲ್ಲಿ ವಾರ್ನಿಶ್, ಹೊಸ ಬೀರುವಿನ ಬಾಗಿಲು ತೆಗೆದಂತೆ.
ಒಂದು ಬೇಕರಿಯವನ ಏಪ್ರನ್ನು.
ಒಂದು ನಾಲಿಗೆ ಮೇಲೆ ನೆಂಟ, ಗಂಟಲಲ್ಲಿ ಬಡ್ಡಿ ವಸೂಲಿಯವನು.
ಬಿಳಿಯದೊಂದು ಎಳನೀರಿಗೆ ಚೆನ್ನಾಗಿತ್ತು,
ಅಷ್ಟರಲ್ಲಿ ಬೇಸಿಗೆ ಮುಗಿಯಿತು.
ಇದು, ಕೆಳಗಿನ ಸಾಲಿನದು,
ಅಂಗೈ ಒಣಗಿದ ಮೇಲೆ
ಆಲೆಮನೆ ಕೊಪ್ಪರಿಗೆಯ ಅಂಚು,
ರಸಬಾಳೆಯ ಕಪ್ಪಾದ ಸಿಪ್ಪೆ,
ಮಳೆಗೆ ಸಿಕ್ಕಿ ಬಿಸಿಲಿಗೆ ಒಣಗಿದ ಗಾಡಿಯ ನೊಗ.
ಬೆಲೆ ಕೇಳಿ ನಕ್ಕೆ. ಲೇಬಲ್ಲು ಓರೆಯಾಗಿ ಅಂಟಿಸಿದ್ದಾರೆ.

ಶನಿವಾರ. ಸ್ಟೀಲ್ ಲೋಟ ಅಲ್ಲ, ಗಾಜಿನದು.
ಮೂರು ಮುಚ್ಚಳ, ಉಗುರುಬೆಚ್ಚಗಿನ ನೀರು,
ಜಜ್ಜಿದ ಒಂದು ಮೆಣಸು.
ಜೊತೆಗೆ ಹುರಿದ ಬೋಟಿ. ಶ್ರಾವಣದಲ್ಲಿ ಹುರಿಗಡಲೆ,
ದೇವರಿಗೂ ನನಗೂ ಅಷ್ಟೇ ಒಪ್ಪಂದ.
ಹಿತ್ತಲ ಮೆಟ್ಟಿಲ ಮೇಲೆ ಕೂತರೆ ನಾಲೆ ಕಡೆಯಿಂದ ಗಾಳಿ.
ಮೊದಲ ಗುಟುಕು ನುಂಗುವುದಿಲ್ಲ,
ನಾಲಿಗೆಯ ಕೆಳಗೆ ಮಣೆ ಹಾಕಿ ಕೂರಿಸುತ್ತೇನೆ.
ಅದು ತಾನಾಗಿ ಎದ್ದು ಹೋಗಬೇಕು.

ನಮ್ಮೆಜಮಾನರು ಕುಡಿದದ್ದು ಬೇರೆ ಥರ.
ರುಚಿ ಹೆಂಗೈತೆ ಅಂತ ಒಮ್ಮೆ ಕೇಳಿದ್ದೆ.
"ರುಚಿ ಯಾವನ್ಗೆ ಬೇಕು, ಮೂಗು ಮುಚ್ಕೊಂಡು ಎತ್ತೋದು" ಅಂದರು.
ಬಾಟಲಿ ಅಂದರೆ ನನಗೆ ಬಹಳ ಕಾಲ
ಬಾಗಿಲು ಒದೆಯುವ ಸದ್ದು.
ಇದನ್ನು ಹೇಳದೆ ಹೋದರೆ ಈ ಲೋಟ ಸುಳ್ಳಾಗುತ್ತದೆ.
ಅವರು ಹೋಗಿ ಆರು ವರ್ಷಕ್ಕೆ
ಒಂದು ಕ್ವಾರ್ಟರ್ ತಂದು ಮೇಜಿನ ಮೇಲಿಟ್ಟು
ರಾತ್ರಿಯಿಡೀ ನೋಡಿದ್ದೆ, ಅದು ಏನೂ ಮಾಡಲಿಲ್ಲ.

ಮೂರಕ್ಕೆ ನಿಲ್ಲಿಸುತ್ತೇನೆ. ನಾಲ್ಕನೆಯದಕ್ಕೆ ರುಚಿ ಇಲ್ಲ,
ಬರೀ ಗದ್ದಲ.

ಬೆಳಿಗ್ಗೆ ಲೋಟ ತೊಳೆಯುವ ಮೊದಲು ಮೂಸುವುದು ಅಭ್ಯಾಸ,
ಒಳ್ಳೇದಾದರೆ ರಾತ್ರಿ ಕಳೆದರೂ ತಳದಲ್ಲಿ ಕೂತಿರುತ್ತದೆ.
ಇವತ್ತು ಸೊಸೆ ರೂಪಕಲಾ ಬಂದು ನಿಂತಳು.
"ಏನೈತತ್ತೆ ಅದ್ರಾಗೆ, ಖಾಲಿ."
ಕೊಟ್ಟೆ.
ಬಹಳ ಹೊತ್ತು ಮೂಗಿಗೆ ಹಿಡಿದೇ ಇದ್ದಳು.
ಅವಳಪ್ಪ ಕಬ್ಬು ಕಡಿಯುವ ಗ್ಯಾಂಗಿನ ಮೇಸ್ತ್ರಿ.
"ನಮ್ಮಪ್ಪನ ಶರ್ಟು" ಅಂದಳು.
ಹಾಲು ಉಕ್ಕಿತು. ಯಾರೂ ಹೋಗಿ ಆರಿಸಲಿಲ್ಲ.